ಹಾರ್ಲಿಕ್ಸ್ ಡಬ್ಬಿಯಲ್ಲಿ ರವೆ

ಯಾರ ಮನೆಯ ಅಡುಗೆಮನೆಗಾದರೂ ಹೋಗಿ ನೋಡಿ, ಹಾರ್ಲಿಕ್ಸ್ ಡಬ್ಬಿಯಲ್ಲಿ ಹಾರ್ಲಿಕ್ಸ್ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಇರುತ್ತದೆ. ನಮ್ಮಲ್ಲಿ ಅದರಲ್ಲಿ ರವೆ. ಬೋರ್ನ್‌ವಿಟಾ ಡಬ್ಬಿಯಲ್ಲಿ ಕಡಲೆಬೇಳೆ. ‘ಸಕ್ಕರೆ’ ಎಂದು ಚಂದವಾಗಿ ಕೆತ್ತಿಸಿರುವ ಸ್ಟೀಲ್ ಡಬ್ಬಿಯಲ್ಲಿ ಉಪ್ಪು. ಯಾಕೆಂದರೆ ಆ ಡಬ್ಬಿಯ ಮುಚ್ಚಳ ಸಡಿಲ, ಸಕ್ಕರೆ ಇಟ್ಟರೆ ಇರುವೆ ಮುತ್ತುತ್ತದೆ, ಉಪ್ಪಿಗಾದರೆ ಆ ಕಾಟವಿಲ್ಲ. ಮನೆಯವರಿಗೆ ಇದರಲ್ಲಿ ಎಳ್ಳಷ್ಟೂ ಗೊಂದಲವಿಲ್ಲ. ಕರೆಂಟು ಹೋದ ಕತ್ತಲಲ್ಲೂ ಕೈ ಚಾಚಿ ಬೇಕಾದ್ದನ್ನೇ ತೆಗೆಯುತ್ತಾರೆ. ಗೊಂದಲ ಶುರುವಾಗುವುದು ಉಪನಯನಕ್ಕೋ ಸೀಮಂತಕ್ಕೋ ಅಡುಗೆ ಭಟ್ಟರನ್ನು ಕರೆಸಿದ ದಿನ. ಪಳಗಿದ ಭಟ್ಟರಾದರೆ ಒಳಗೆ ಕಾಲಿಟ್ಟವರೇ ಹೆಗಲ ಮೇಲಿನ ಟವೆಲ್ಲು ಕೊಡವಿ, “ಅಮ್ಮಾ, ನಿಮ್ಮ ಡಬ್ಬಿಗಳನ್ನೆಲ್ಲ ಆ ಕಡೆ ಎತ್ತಿಟ್ಬಿಡಿ, ನಮ್ಮ ಸಾಮಾನು ನಾವೇ ತಂದಿದೀವಿ” ಎನ್ನುತ್ತಾರೆ. ಹೊಸಬರಾದರೆ ಡಬ್ಬಿಯ ಮೇಲಿನ ಅಕ್ಷರವನ್ನು ನಂಬುತ್ತಾರೆ. ಆಮೇಲೆ ಆ ದಿನದ ಪಾಯಸವನ್ನು ಬಂಧುಬಳಗದವರು ಎಷ್ಟೋ ವರ್ಷ ನೆನೆಯುತ್ತಿರುತ್ತಾರೆ.

ಕಂಪ್ಯೂಟರಿನಲ್ಲಿ ಹೊಸ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮುಗಳ ಪಾಡೂ ಈ ಭಟ್ಟರದ್ದೇ. ಲಿನಕ್ಸೋ ಮ್ಯಾಕೋ ಬಳಸುವ ಮಹನೀಯರ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನ ಫೈಲುಗಳು ಹಿಂಡುಹಿಂಡಾಗಿ ಕೂತಿರುತ್ತವೆ. ನಾವು ಟೈಪ್ ಮಾಡಿದ ಆಜ್ಞೆ ನಡೆಸಿಕೊಡುವ ಬ್ಯಾಶ್ ಎಂಬ ಶೆಲ್ಲಿಗೆ ಡಾಟ್ ಬ್ಯಾಶ್‌ಆರ್‌ಸಿ, ಆರ್ ಎಂಬ ಸಂಖ್ಯಾಶಾಸ್ತ್ರದ ಭಾಷೆಗೆ ಡಾಟ್ ಆರ್‌ಪ್ರೊಫೈಲ್, ಜಾವಾಸ್ಕ್ರಿಪ್ಟ್ ಪ್ಯಾಕೇಜು ತರುವ ಎನ್‌ಪಿಎಂಗೆ ಡಾಟ್ ಎನ್‌ಪಿಎಂಆರ್‌ಸಿ, ಹೀಗೆ. ಆಯಾ ಪ್ರೋಗ್ರಾಮು ಎದ್ದ ತಕ್ಷಣ ಓದುವುದು ಇವನ್ನೇ. ಯಜಮಾನರಿಗೆ ಏನು ಇಷ್ಟ, ಯಾವ ಬಣ್ಣ ಹಿತ, ಯಾವ ಉದ್ದದ ಆಜ್ಞೆಗೆ ಯಾವ ಗಿಡ್ಡ ಅಡ್ಡಹೆಸರು, ಎಲ್ಲ ಅಲ್ಲಿ ಬರೆದಿರುತ್ತದೆ. ನಾವು ಖುದ್ದಾಗಿ ಎದುರಿಗೆ ಕೂತು ಟೈಪ್ ಮಾಡುವಾಗ ಅದೆಲ್ಲ ಬಹಳ ಸುಖ. ಆದರೆ ನಾವು “ಇದೊಂದನ್ನು ಇನ್‌ಸ್ಟಾಲ್ ಮಾಡಪ್ಪ” ಎಂದು ಹೇಳಿ ಕಾಫಿಗೆ ಎದ್ದುಹೋದ ಮೇಲೂ ಆ ಪ್ರೋಗ್ರಾಮು ತೆರೆ ಹಿಂದೆ ಇನ್ನೊಂದು ಶೆಲ್ಲನ್ನು, ಇನ್ನೊಂದು ಆರ್ ಅನ್ನು, ಪದ ಹುಡುಕುವ ಗ್ರೆಪ್ಪನ್ನು ಎಬ್ಬಿಸುತ್ತದಲ್ಲ, ಅವೂ ನಮ್ಮ ಇಷ್ಟಾನಿಷ್ಟಗಳನ್ನು ಓದಿಕೊಂಡೇ ಏಳಬಹುದು. ರವೆ ಸುರಿಯುವುದು ಆಗಲೇ.

ಈ ಫೈಲುಗಳ ದೊಡ್ಡ ತೊಂದರೆಯೆಂದರೆ ಅವು ಕಣ್ಣಿಗೆ ಬೀಳುವುದಿಲ್ಲ. ಹಾಗೆ ಅಡಗಿಸಬೇಕೆಂದು ಯಾರೂ ಕೂತು ಯೋಚಿಸಿದ್ದಲ್ಲ ಎಂಬುದು ಇನ್ನೂ ತಮಾಷೆ. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಈ ಕಥೆ ಬರೆದರು. ಪ್ರತಿ ಫೋಲ್ಡರಿನಲ್ಲೂ ‘ಒಂದು ಚುಕ್ಕಿ’, ‘ಎರಡು ಚುಕ್ಕಿ’ ಎಂಬ ಎರಡು ನಮೂದುಗಳಿರುತ್ತವೆ, ಒಂದು ತಾನೇ, ಇನ್ನೊಂದು ತನ್ನ ಮೇಲಿನ ಫೋಲ್ಡರು. ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಪ್ರೋಗ್ರಾಮಿನಲ್ಲಿ ಇವೆರಡೂ ಕಾಣದಿರಲಿ ಎಂದು, ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು ಎಂದು ಯಾರೋ ಗಿಡ್ಡದಾಗಿ ಬರೆದರು. ಎರಡು ಹೆಸರನ್ನು ಸರಿಯಾಗಿ ಹೋಲಿಸಿ ನೋಡದ ಸೋಮಾರಿತನದಿಂದ ಚುಕ್ಕಿ ಹೊತ್ತವರೆಲ್ಲ ಮಾಯವಾದರು. ಮಾಯವಾಗುವ ಜಾಗ ಇದೆ ಎಂದು ಗೊತ್ತಾದ ಮೇಲೆ ಕೇಳಬೇಕೆ? ಪ್ರತಿ ಪ್ರೋಗ್ರಾಮೂ ತನ್ನದೊಂದು ಗಂಟನ್ನು ಅಲ್ಲೇ ತಂದಿಟ್ಟಿತು. ಕಾಣದ್ದನ್ನು ಮನುಷ್ಯ ಮರೆಯುತ್ತಾನೆ. ಐದು ವರ್ಷದ ಕೆಳಗೆ ಯಾವುದೋ ಶನಿವಾರ ಉತ್ಸಾಹದಲ್ಲಿ ಬರೆದ ಒಂದು ಸಾಲು ಇವತ್ತಿನ ಇನ್‌ಸ್ಟಾಲಿಗೆ ಅಡ್ಡ ಮಲಗಿದಾಗ, “ನಾನೇನೂ ಮಾಡಿಲ್ಲಪ್ಪ, ಅದಷ್ಟಕ್ಕೇ ಕೆಟ್ಟೋಯ್ತು” ಎಂದು ಅವನು ಪ್ರಾಮಾಣಿಕವಾಗಿಯೇ ಪ್ರಮಾಣ ಮಾಡುತ್ತಾನೆ.

ಮರೆಯುವವರು ಒಂದು ಜಾತಿ, ಮೆರೆಸುವವರು ಇನ್ನೊಂದು. ಬೆಂಗಳೂರಿನ ಐಟಿ ಹುಡುಗರಲ್ಲಿ ಈ ಎರಡನೆಯವರು ಧಾರಾಳ. ಇವರು ತಮ್ಮ ಚುಕ್ಕಿ ಫೈಲುಗಳನ್ನು ಗಿಟ್‌ಹಬ್ಬಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಇಟ್ಟು, ಬಣ್ಣಬಣ್ಣದ ಟರ್ಮಿನಲ್ಲಿನ ಫೋಟೊ ಬೇರೆ ಹಾಕಿರುತ್ತಾರೆ. ಹೊಸದಾಗಿ ಸೇರಿದ ಹುಡುಗ ತನ್ನ ಸೀನಿಯರಿನದನ್ನು ಹಾಗೇ ಎತ್ತಿಕೊಂಡು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾನೆ. ಆ ಸೀನಿಯರ್ ಅದನ್ನು ತನ್ನ ಸೀನಿಯರಿನಿಂದ ಪಡೆದಿರುತ್ತಾನೆ, ಆ ಮಹಾನುಭಾವ ಈಗ ಸಿಯಾಟಲ್‌ನಲ್ಲಿ ಇರುತ್ತಾನೆ. ಮುನ್ನೂರು ಸಾಲು. ಅದರಲ್ಲಿ ನಲವತ್ತಕ್ಕೆ ಅರ್ಥ ಗೊತ್ತು. “ಸಾರ್, ಈ ಸಾಲು ತೆಗೆದ್ರೆ ಏನಾಗತ್ತೆ?” ಎಂದು ಕೇಳಿದರೆ, “ಏನಾಗತ್ತೋ ಗೊತ್ತಿಲ್ಲ ಗುರೂ, ತೆಗೀಬೇಡ” ಎಂಬ ಉತ್ತರ ಬರುತ್ತದೆ. ಗುರುಪರಂಪರೆಯಿಂದ ಬಂದ ವಿದ್ಯೆಯಲ್ಲವೇ, ಪ್ರಶ್ನೆ ಕೇಳಬಾರದು.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಸೆಟ್ಟಿಂಗೂ ಒಂದೇ ಸಮನೆ ಅಪಾಯಕಾರಿಯಲ್ಲ. ಶೆಲ್ಲಿನಲ್ಲಿ ಏಲಿಯಾಸ್ ಎಂಬ ಅಡ್ಡಹೆಸರು ಮನೆಯೊಳಗಿನ ಮಗು ಇದ್ದ ಹಾಗೆ ಸಾಮಾನ್ಯವಾಗಿ ಹೊಸ್ತಿಲು ದಾಟುವುದಿಲ್ಲ. ನಾವು ಎದುರಿಗಿಲ್ಲದೆ ಓಡುವ ಸ್ಕ್ರಿಪ್ಟುಗಳಲ್ಲಿ ಬ್ಯಾಶ್ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊರು ಸುತ್ತುವುದು ಎಕ್ಸ್‌ಪೋರ್ಟ್ ಮಾಡಿದ ಚರಾಂಕಗಳು, ಎಂದರೆ ಒಂದು ಹೆಸರು ಕೊಟ್ಟು ಬರೆದಿಟ್ಟ ಬೆಲೆಗಳು. ಒಮ್ಮೆ ಎಕ್ಸ್‌ಪೋರ್ಟ್ ಎಂದಿರೋ, ಆ ಶೆಲ್ಲಿನಿಂದ ಹುಟ್ಟುವ ಪ್ರತಿಯೊಂದು ಪ್ರೋಗ್ರಾಮಿಗೂ, ಅದರ ಮರಿಗೂ, ಮರಿಮರಿಗೂ ಅದು ಅಂಟಿಕೊಂಡೇ ಹೋಗುತ್ತದೆ. ಇದಕ್ಕೆ ಪುರಾಣಪ್ರಸಿದ್ಧ ಉದಾಹರಣೆ ಗ್ರೆಪ್‌ನದು. ಗ್ರೆಪ್ ಎಂದರೆ ಫೈಲಿನಲ್ಲಿ ಪದ ಹುಡುಕಿಕೊಡುವ ಪ್ರೋಗ್ರಾಮು. ಸಿಕ್ಕ ಪದ ಕೆಂಪಗೆ ಕಾಣಲಿ ಎಂದು ಜನ ಗ್ರೆಪ್ ಆಪ್ಷನ್ಸ್ ಎಂಬ ಚರಾಂಕದಲ್ಲಿ ‘ಬಣ್ಣ ಯಾವಾಗಲೂ’ ಎಂದು ಬರೆದು ಎಕ್ಸ್‌ಪೋರ್ಟ್ ಮಾಡಿದರು. ಕಣ್ಣಿಗೆ ಹಬ್ಬ. ಆದರೆ ತೆರೆಯ ಮೇಲೆ ಕೆಂಪು ಬರಬೇಕಾದರೆ ಪದದ ಹಿಂದೆ ಮುಂದೆ ಕಾಣದ ಸಂಕೇತಗಳು ಸೇರಬೇಕು. ಇನ್‌ಸ್ಟಾಲ್ ಸ್ಕ್ರಿಪ್ಟು ಗ್ರೆಪ್ಪಿನಿಂದ ಒಂದು ಹೆಸರು ಹುಡುಕಿಸಿ ಅದನ್ನೇ ಮುಂದೆ ಬಳಸುತ್ತದೆ; ಅದಕ್ಕೆ ಹೆಸರಿನ ಜೊತೆಗೆ ಆ ಕುಂಕುಮವೂ ಸಿಗುತ್ತದೆ. ಕುಂಕುಮ ಹಚ್ಚಿದ ಹೆಸರಿನ ಫೈಲು ಎಲ್ಲಿಂದ ಬರಬೇಕು? ಕೊನೆಗೆ ಗ್ರೆಪ್ ಬರೆದವರೇ ಬೇಸತ್ತರು. 2014ರ 2.21ನೇ ಆವೃತ್ತಿಯಿಂದ ಆ ಚರಾಂಕವನ್ನು ಕಂಡಾಗೆಲ್ಲ ಎಚ್ಚರಿಕೆ ಕೊಡತೊಡಗಿದರು, 2020ರ 3.6ರಲ್ಲಿ ಅದರ ಮಾತು ಕೇಳುವುದನ್ನೇ ನಿಲ್ಲಿಸಿದರು. ಆ ನಡುವಿನ ಆರು ವರ್ಷವೂ ಕೆಂಪಿನ ಆಸೆಗೆ ಎಚ್ಚರಿಕೆಯನ್ನು ಸಹಿಸಿಕೊಂಡವರು ಇದ್ದರು.

ಪಳಗಿದ ಭಟ್ಟರು ಯಾರೆಂದು ನೋಡಬೇಕಾದರೆ ಯೂನಿಕ್ಸ್ ಲೋಕದ ‘ಕಾನ್ಫಿಗರ್’ ಸ್ಕ್ರಿಪ್ಟನ್ನು ತೆರೆಯಿರಿ. ಮೂಲ ಕೋಡಿನಿಂದ ತಂತ್ರಾಂಶ ಕಟ್ಟುವಾಗ ಮೊದಲು ಓಡುವುದು ಇದು. ಆಟೋಕಾನ್ಫ್ ಎಂಬ ಇನ್ನೊಂದು ಪ್ರೋಗ್ರಾಮು ಇದನ್ನು ಬರೆದುಕೊಡುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲು ಅದು ಮಾಡುವ ಮಡಿ ನೋಡಬೇಕು. ಶೆಲ್ಲು ಏಳುವಾಗ ಓದಬಹುದಾದ ಗುಟ್ಟಿನ ಫೈಲುಗಳ ಚರಾಂಕಗಳನ್ನು ಅಳಿಸುತ್ತದೆ. ನೀವು ಅಲಂಕಾರ ಮಾಡಿಕೊಂಡ ಪ್ರಾಂಪ್ಟನ್ನು ಕಿತ್ತು ಬರೀ ಡಾಲರ್ ಚಿಹ್ನೆ ಇಡುತ್ತದೆ. ಸಿಡಿಪಾತ್ ಎಂಬ ಚರಾಂಕವನ್ನು ತೆಗೆದೆಸೆಯುತ್ತದೆ. ಯಾಕೆಂದರೆ ಅದು ಇದ್ದರೆ ಸಿಡಿ ಆಜ್ಞೆ ತಾನು ಹೋದ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳಿಬಿಡುತ್ತದೆ, ಒಂದು ವಿಳಾಸ ಬೇಕಾಗಿದ್ದ ಸ್ಕ್ರಿಪ್ಟಿಗೆ ಎರಡು ಸಿಕ್ಕಿ ತಲೆ ತಿರುಗುತ್ತದೆ. ಆಮೇಲೆ ಭಾಷೆ. ನೀವು ಎಷ್ಟೇ ದೊಡ್ಡ ಕನ್ನಡಾಭಿಮಾನಿಯಾಗಿ ಯಂತ್ರವನ್ನೆಲ್ಲ ಕನ್ನಡಕ್ಕೆ ತಿರುಗಿಸಿಕೊಂಡಿದ್ದರೂ ಕಾನ್ಫಿಗರ್ ತನ್ನ ಮಟ್ಟಿಗೆ ಅದನ್ನು ಬದಿಗಿಟ್ಟು, ಯಾವ ದೇಶದ್ದೂ ಅಲ್ಲದ ‘ಸಿ’ ಎಂಬ ಒಣ ಭಾಷಾವ್ಯವಸ್ಥೆಯನ್ನು ಹಾಕಿಕೊಳ್ಳುತ್ತದೆ. ಆ ಜಾಗದಲ್ಲಿ, ಇವೆಲ್ಲ ಭಾಷೆಯ ಕಿರಿಕಿರಿ ಎಂಬ ಅರ್ಥದ ಒಂದು ಟಿಪ್ಪಣಿಯನ್ನೂ ಬರೆದಿದ್ದಾರೆ. ಓದಿದ ಕೂಡಲೇ ರಕ್ತ ಕುದಿಯುವುದು ಸಹಜ, ಆದರೆ ತುರ್ಕರ ಕಥೆ ಕೇಳಿದರೆ ತಣ್ಣಗಾಗುತ್ತದೆ. ತುರ್ಕಿ ಭಾಷೆಯಲ್ಲಿ ಇಂಗ್ಲಿಷಿನ ಚಿಕ್ಕ ‘ಐ’ ಅಕ್ಷರವನ್ನು ದೊಡ್ಡದು ಮಾಡಿದರೆ ತಲೆಯ ಮೇಲಿನ ಚುಕ್ಕಿ ಹಾಗೇ ಉಳಿಯುತ್ತದೆ. ಹಾಗಾಗಿ ‘ಇನ್‌ಸ್ಟಾಲ್’ ಎಂಬ ಪದವನ್ನೇ ಅವರ ಯಂತ್ರದಲ್ಲಿ ದೊಡ್ಡಕ್ಷರಕ್ಕೆ ತಿರುಗಿಸಿ ಹೋಲಿಸಿದರೆ ಅದು ಬೇರೆ ಪದ. ಬೇರೆ ದೇಶದಲ್ಲಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ತಂತ್ರಾಂಶಗಳು ಇಸ್ತಾಂಬುಲ್ಲಿಗೆ ಹೋಗಿ ಈ ಒಂದು ಚುಕ್ಕಿಗೆ ಎಡವಿ ಬಿದ್ದಿವೆ.

ನಮ್ಮವರ ಚುಕ್ಕಿಗಳ ವಿಷಯಕ್ಕೆ ಬಂದರೆ, ಸ್ವಾಗತ ಹೇಳುವ ಚಟ ದೊಡ್ಡದು. ಡಾಟ್ ಬ್ಯಾಶ್‌ಆರ್‌ಸಿಯಲ್ಲಿ ಒಂದು ಸಾಲು: ಲಾಗಿನ್ ಆದ ಕೂಡಲೇ ‘ನಮಸ್ಕಾರ’ ಎಂದು ಮೂಡಲಿ. ಯಾರಿಗೆ ಏನು ನಷ್ಟ? ನಷ್ಟವಿದೆ. ದೂರದ ಸರ್ವರಿಗೆ ಒಂದು ಪ್ಯಾಕೇಜನ್ನು ಎಸ್‌ಎಫ್‌ಟಿಪಿಯಲ್ಲಿ ಕಳಿಸಲು ಹೋದಾಗ, ಆ ಕಡೆ ಬ್ಯಾಶ್ ಎದ್ದು ಈ ಫೈಲನ್ನು ಓದುತ್ತದೆ. ಎದುರಿಗೆ ಮನುಷ್ಯನಿಲ್ಲದಿದ್ದರೂ, ದೂರದಿಂದ ಕರೆದಾಗ ಓದುವ ಅಭ್ಯಾಸ ಅದಕ್ಕಿದೆ. ಎಸ್‌ಎಫ್‌ಟಿಪಿ ಕಾಯುತ್ತಿರುವುದು ಮುಂದೆ ಬರುವ ಸಂದೇಶದ ಉದ್ದ ಎಷ್ಟು ಎಂದು ಹೇಳುವ ನಾಲ್ಕು ಬೈಟುಗಳಿಗೆ. ಸಿಗುವುದು ‘ನಮಸ್ಕಾರ’ದ ಮೊದಲ ನಾಲ್ಕು ಬೈಟು, ಎಂದರೆ ‘ನ’ ಪೂರ್ತಿ ಮತ್ತು ‘ಮ’ದ ಮೊದಲ ಮೂರನೇ ಒಂದು ಭಾಗ. ಅದನ್ನೇ ಸಂಖ್ಯೆಯೆಂದು ಓದಿ, “ಬಂದ ಸಂದೇಶ ತೀರಾ ಉದ್ದ: 3769805024” ಎಂದು ಕಿರುಚಿ ಬಾಗಿಲು ಹಾಕಿಕೊಳ್ಳುತ್ತದೆ. ಮುನ್ನೂರ ಎಪ್ಪತ್ತಾರು ಕೋಟಿಗೂ ಮೀರಿದ ನಮಸ್ಕಾರ! ಅದು ಒಪ್ಪುವ ಗರಿಷ್ಠ ಉದ್ದ 262144. ಇದೇ ಜಾಗದಲ್ಲಿ ಫೈಲು ಸಾಗಿಸುವ ಆರ್‌ಸಿಂಕ್ ಇದ್ದರೆ ಇನ್ನೂ ಸೂಕ್ಷ್ಮ, ಅದು “ನಿಮ್ಮ ಶೆಲ್ಲು ಶುಭ್ರವಾಗಿದೆಯೇ?” ಎಂದು ಕೇಳುತ್ತದೆ. ಎಷ್ಟು ಮರ್ಯಾದೆಯ ಪ್ರಶ್ನೆ ನೋಡಿ. ಸ್ನಾನ ಆಯ್ತಾ ಎಂದು ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳುವ ದೊಡ್ಡಮ್ಮನ ದನಿ.

ವಿಂಡೋಸಿನವರು ಇಷ್ಟು ಹೊತ್ತು ಮೀಸೆಯಡಿ ನಗುತ್ತಿದ್ದರೆ ಅವರಿಗೂ ಒಂದು ಮಾತು. ಹೊಸ ಲ್ಯಾಪ್‌ಟಾಪ್ ತೆರೆದ ಮೊದಲ ಗಳಿಗೆಯಲ್ಲಿ ಯಂತ್ರ ಹೆಸರು ಕೇಳುವುದುಂಟು. ಕನ್ನಡದಲ್ಲೇ ಬರೆಯೋಣ ಎಂದು ಅಪ್ಪಟ ಕನ್ನಡ ಲಿಪಿಯಲ್ಲಿ ಹೆಸರು ಕೊಟ್ಟರೆ ನಿಮ್ಮ ಫೋಲ್ಡರಿಗೂ ಅದೇ ಹೆಸರಾಗಬಹುದು. ವಿಂಡೋಸಿನ ಒಳಗೆ ಯೂನಿಕೋಡ್ ಇದೆ, ಅದಕ್ಕೇನೂ ತಕರಾರಿಲ್ಲ. ಆದರೆ ಹಳೆಯ ಕಾಲದ ಆನ್ಸಿ ಕೋಡ್‌ಪೇಜು ಎಂಬ ವ್ಯವಸ್ಥೆ ಕನ್ನಡಕ್ಕೆ ಇಲ್ಲವೇ ಇಲ್ಲ. ಯೂನಿಕೋಡ್ ತಿಳಿಯದ ಇನ್‌ಸ್ಟಾಲರು ಬಂದು ಫೋಲ್ಡರಿನ ಹೆಸರು ಕೇಳಿದರೆ ಅದಕ್ಕೆ ಸಿಗುವುದು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ವಿಂಡೋಸಿನಲ್ಲಿ ಫೈಲಿನ ಹೆಸರಿಗೆ ಆ ಚಿಹ್ನೆ ನಿಷಿದ್ಧ. ಅಲ್ಲಿಗೆ ಕಥೆ ಮುಗಿಯಿತು. ಆರ್ ಭಾಷೆಯವರು 2022ರಲ್ಲಿ ಬಂದ 4.2ನೇ ಆವೃತ್ತಿಯಲ್ಲಿ ವಿಂಡೋಸಿಗೂ ಯೂನಿಕೋಡನ್ನೇ ಮೂಲವಾಗಿ ಮಾಡಿಕೊಂಡರು, ಬೇರೆಯವರೂ ಒಬ್ಬೊಬ್ಬರಾಗಿ ದಾರಿಗೆ ಬರುತ್ತಿದ್ದಾರೆ. ಸ್ವಂತ ಹೆಸರನ್ನು ಸ್ವಂತ ಲಿಪಿಯಲ್ಲಿ ಬರೆದುಕೊಂಡದ್ದನ್ನು ನಾನು ಚಟದ ಪಟ್ಟಿಗೆ ಸೇರಿಸಲಾರೆ. ಉಳಿದ ಕಡೆ ತಪ್ಪು ಯಜಮಾನನದಾದರೆ ಇಲ್ಲಿ ತಪ್ಪು ಭಟ್ಟರದೇ.

ಇನ್ನು ವ್ರತ ಹಿಡಿದವರು. ಪೈಥಾನಿನ ಪ್ಯಾಕೇಜು ತರುವ ಪಿಪ್‌ಗೆ ಒಂದು ಸೆಟ್ಟಿಂಗ್ ಇದೆ: ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಕಟ್ಟೆಯ ಮೇಲೆ ಕೂತ ಹೊರತು ಏನನ್ನೂ ಇನ್‌ಸ್ಟಾಲ್ ಮಾಡಕೂಡದು. ಒಮ್ಮೆ ಯಂತ್ರದ ಪೈಥಾನನ್ನೇ ಹಾಳು ಮಾಡಿಕೊಂಡವರು ಪಶ್ಚಾತ್ತಾಪದಲ್ಲಿ ಇದನ್ನು ಸಂಕಲ್ಪ ಮಾಡಿ ಪ್ರೊಫೈಲಿನಲ್ಲಿ ಬರೆಯುತ್ತಾರೆ. ಒಳ್ಳೆಯ ವ್ರತವೇ. ಆರು ತಿಂಗಳಾದ ಮೇಲೆ ಯಾವುದೋ ತಂತ್ರಾಂಶದ ಇನ್‌ಸ್ಟಾಲರು ತನ್ನೊಳಗೆ ಪಿಪ್ಪನ್ನು ಕರೆದಾಗ ಅದು ‘ಕಟ್ಟೆ ಎಲ್ಲಿ?’ ಎಂದು ನಿಂತುಬಿಡುತ್ತದೆ. ವ್ರತ ಹಿಡಿದದ್ದೇ ನೆನಪಿಲ್ಲದ ವ್ರತಸ್ಥ ಪಿಪ್ಪಿಗೆ ಬೈಯುತ್ತಾನೆ. ಎನ್‌ಪಿಎಂನಲ್ಲೂ ಹೀಗೆಯೇ. ಯಂತ್ರದ ಒಡೆಯನ ಅಧಿಕಾರ ಕೊಡುವ ಸುಡೋ ಇಲ್ಲದೆ ಇನ್‌ಸ್ಟಾಲ್ ಆಗಲಿ ಎಂದು ಪ್ರಿಫಿಕ್ಸ್ ಎಂಬ ಸಾಲನ್ನು ಒಮ್ಮೆ ಡಾಟ್ ಎನ್‌ಪಿಎಂಆರ್‌ಸಿಯಲ್ಲಿ ಬರೆದವರು, ಮುಂದೊಂದು ದಿನ ನೋಡ್ ಜೆಎಸ್ ಆವೃತ್ತಿಗಳನ್ನು ಬದಲಿಸಿಕೊಡುವ ಎನ್‌ವಿಎಂ ಹಾಕಿಕೊಂಡರೆ, ನಿಮ್ಮ ಪ್ರಿಫಿಕ್ಸಿಗೂ ನನಗೂ ಹೊಂದುವುದಿಲ್ಲ ಎಂದು ಅದು ಮುಖಕ್ಕೆ ಹೇಳುತ್ತದೆ. ಜಾತಕ ನೋಡದೆ ಮಾಡಿದ ಸಂಬಂಧ.

ಈಗ ನಮ್ಮ ಅಕ್ಕನ ಮಗಳ ಪ್ರಸಂಗ. ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಕೂತರೂ ಎದ್ದರೂ ಆರ್. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರುಗಳು ಹುಟ್ಟುಹಾಕಿದ ಭಾಷೆ ಅದು, 1.0.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ. ಅದರ ನಿಜವಾದ ಬಲ ಜನ ಬರೆದು ಕೊಟ್ಟಿರುವ ಪ್ಯಾಕೇಜುಗಳು, ಸಾವಿರಗಟ್ಟಲೆ. ಹುಡುಗಿ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡು ಉಬುಂಟು ಹಾಕಿಸಿಕೊಂಡು ಸಂಜೆ ಫೋನ್ ಮಾಡಿದಳು.

“ಮಾವ, ಒಂದು ಪ್ಯಾಕೇಜೂ ಇನ್‌ಸ್ಟಾಲ್ ಆಗ್ತಿಲ್ಲ. ಒಂದೂ! ಲ್ಯಾಪ್‌ಟಾಪ್ ವಾಪಸ್ ಕೊಡ್ಲಾ?”

“ಲ್ಯಾಪ್‌ಟಾಪ್ ಏನು ಮಾಡತ್ತೆ ಪಾಪ. ಹೊಸದಕ್ಕೆ ಮೊದಲು ಏನು ಹಾಕಿದೆ ಹೇಳು.”

“ಏನೂ ಇಲ್ಲ. ಹಳೇದ್ರಿಂದ ನನ್ನ ಆರ್‌ಪ್ರೊಫೈಲ್ ಕಾಪಿ ಮಾಡ್ದೆ ಅಷ್ಟೆ. ಅದಿಲ್ದೆ ನಂಗೆ ಕೈಯೇ ಆಡಲ್ಲ ಮಾವ.”

“ಅದ್ರಲ್ಲಿ ಮೊದಲನೇ ಸಾಲು ಓದು.”

“ಲೈಬ್ರರಿ ಟೈಡಿವರ್ಸ್. ಯಾವಾಗ್ಲೂ ಬೇಕಲ್ಲ ಅಂತ ಹಾಕ್ಕೊಂಡಿದೀನಿ.”

“ಈಗ ಯಾವುದನ್ನ ಇನ್‌ಸ್ಟಾಲ್ ಮಾಡ್ತಿದೀಯ?”

“ಟೈಡಿವರ್ಸ್.” ಆ ಕಡೆ ಒಂದು ಕ್ಷಣ ಮೌನ. “ನೀನು ನಗ್ಬೇಡ ಮಾವ.”

ನಗದೆ ಏನು ಮಾಡಲಿ? ಆಗಿದ್ದು ಇಷ್ಟು. ಅವಳು ಆರ್ ತೆರೆದಾಗ ಪ್ರೊಫೈಲು ಟೈಡಿವರ್ಸನ್ನು ಕರೆಯುತ್ತದೆ, ಅಂಥ ಪ್ಯಾಕೇಜು ಇಲ್ಲ ಎಂದು ಆರ್ ಗೊಣಗುತ್ತದೆ, ಆದರೆ ಎದುರಿಗೆ ಮನುಷ್ಯರಿದ್ದಾರಲ್ಲ ಎಂದು ದಾಕ್ಷಿಣ್ಯಕ್ಕೆ ಬಾಗಿಲು ತೆಗೆದುಕೊಂಡೇ ಇರುತ್ತದೆ. ಇವಳು ಇನ್‌ಸ್ಟಾಲ್ ಎನ್ನುತ್ತಾಳೆ. ಮೂಲ ಕೋಡಿನಿಂದ ಕಟ್ಟಬೇಕಾದ್ದರಿಂದ ಆರ್ ತನ್ನ ಇನ್ನೊಂದು ಪ್ರತಿಯನ್ನು ಎಬ್ಬಿಸಿ ಆ ಕೆಲಸ ವಹಿಸುತ್ತದೆ. ಆ ಮರಿ ಆರ್ ಕಣ್ಣು ಬಿಟ್ಟು ಮೊದಲು ಓದುವುದು ಅದೇ ಪ್ರೊಫೈಲನ್ನು. ಟೈಡಿವರ್ಸ್ ತಾ ಎನ್ನುತ್ತದೆ ಪ್ರೊಫೈಲು. ಇಲ್ಲ. ಎದುರಿಗೆ ಮನುಷ್ಯರಿಲ್ಲದಾಗ ಆರ್‌ಗೆ ದಾಕ್ಷಿಣ್ಯವಿಲ್ಲ, ಅಲ್ಲೇ ಕೆಲಸ ನಿಲ್ಲಿಸಿ ಮಲಗುತ್ತದೆ. ಟೈಡಿವರ್ಸ್ ಬೇಕಾದರೆ ಅದಕ್ಕೆ ಮೊದಲು ಹತ್ತಾರು ಬೇರೆ ಪ್ಯಾಕೇಜುಗಳು ಬೇಕು, ಪ್ರತಿಯೊಂದಕ್ಕೂ ಹೊಸ ಮರಿ ಎದ್ದು, ಅದೇ ಸಾಲು ಓದಿ, ಅದೇ ಕಡೆ ಸಾಯುತ್ತದೆ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆ ಮಾಡಿದ ಅಜ್ಜಿಗೆ ಆರ್ ಗೊತ್ತಿರಲಿಕ್ಕಿಲ್ಲ.

ಅವಳ ಗೈಡಿನದು ಇನ್ನೊಂದು ಬಗೆ. ಅವರು ಮ್ಯಾಕಿನವರು. ಹೋಮ್ ಫೋಲ್ಡರಿನಲ್ಲಿ ಡಾಟ್ ಆರ್, ಅದರೊಳಗೆ ಮೇಕ್‌ವಾರ್ಸ್ ಎಂಬ ಫೈಲು. ಸಿ, ಫೋರ್ಟ್ರಾನ್ ಕಂಪೈಲರು ಎಲ್ಲಿದೆ, ಅವುಗಳ ಲೈಬ್ರರಿ ಎಲ್ಲಿದೆ ಎಂದು ಆರ್‌ಗೆ ಹೇಳುವ ಜಾಗ. ಯಾವುದೋ ಪ್ಯಾಕೇಜು ಹಠ ಹಿಡಿದಾಗ ಎಲ್ಲೋ ನೋಡಿ ಎರಡು ಸಾಲು ಅಂಟಿಸಿದ್ದರು, ಕೆಲಸ ಆಗಿತ್ತು, ಮರೆತಿದ್ದರು. ಮ್ಯಾಕು ಹೊಸದಾಯಿತು, ಕಂಪೈಲರು ಮನೆ ಬದಲಾಯಿಸಿತು, ಆ ಎರಡು ಸಾಲು ಮಾತ್ರ ಹಳೆಯ ವಿಳಾಸವನ್ನೇ ನಿಷ್ಠೆಯಿಂದ ಹೇಳುತ್ತ ಕೂತಿತ್ತು. ಫೋರ್ಟ್ರಾನ್ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು ಬಂದಾಗೆಲ್ಲ ಅವರು ಫೋರ್ಟ್ರಾನನ್ನೇ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಿದ್ದರು. ಅವರ ಪಕ್ಕದ ಕೋಣೆಯ ವಿಂಡೋಸ್ ಮೇಡಂ, ಪ್ರೊಫೈಲಿನಲ್ಲೇ ಎಲ್ಲ ಪ್ಯಾಕೇಜುಗಳನ್ನೂ ತೆರೆದಿಟ್ಟುಕೊಳ್ಳುವವರು, ಯಾವುದನ್ನು ಅಪ್‌ಡೇಟ್ ಮಾಡಹೋದರೂ “ಈ ಪ್ಯಾಕೇಜು ಬಳಕೆಯಲ್ಲಿದೆ, ಇನ್‌ಸ್ಟಾಲ್ ಮಾಡುವುದಿಲ್ಲ” ಎಂಬ ಉತ್ತರ ಪಡೆಯುತ್ತಾರೆ. ಎದ್ದ ಕೂಡಲೇ ತೆರೆದುಕೊಂಡದ್ದು ಬಳಕೆಯಲ್ಲಿಲ್ಲದೆ ಇನ್ನೇನು!

ತಂತ್ರಾಂಶ ಬರೆಯುವವರು ನಮ್ಮನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡಿದ್ದಾರೆ. ಅದಕ್ಕೇ ಪ್ರತಿಯೊಂದಕ್ಕೂ ಯಜಮಾನನನ್ನು ಮರೆತು ಏಳುವ ಒಂದು ಉಪಾಯ ಇಟ್ಟಿದ್ದಾರೆ. ಡಾಸ್ ಕಾಲದಲ್ಲಿ 640 ಕೆಬಿ ಮೆಮೊರಿಗೆ ಆಟೋಎಕ್ಸೆಕ್, ಕಾನ್ಫಿಗ್ ಎಂಬ ಎರಡು ಫೈಲುಗಳಲ್ಲಿ ಎಲ್ಲರೂ ಜಾಗ ಹಿಡಿದು ಕೂರುತ್ತಿದ್ದರು, ಹೊಸಬನಿಗೆ ಕಾಲಿಡಲು ಎಡೆಯಿರುತ್ತಿರಲಿಲ್ಲ. 1993ರ ಎಂಎಸ್-ಡಾಸ್ 6ರಲ್ಲಿ ಏಳುವಾಗ ಎಫ್5 ಒತ್ತಿದರೆ ಎರಡನ್ನೂ ಹಾರಿ ಬರುತ್ತಿತ್ತು, ಎಫ್8 ಒತ್ತಿದರೆ ಒಂದೊಂದೇ ಸಾಲಿಗೆ ಒಪ್ಪಿಗೆ ಕೇಳುತ್ತಿತ್ತು. ಹಳೆಯ ಮ್ಯಾಕಿನಲ್ಲಿ ಶಿಫ್ಟ್ ಒತ್ತಿ ಹಿಡಿಯಬೇಕಿತ್ತು. ಇವತ್ತು ಬ್ಯಾಶಿಗೆ ‘ನೋ ಆರ್‌ಸಿ’, ಪಿಪ್ಪಿಗೆ ‘ಐಸೊಲೇಟೆಡ್’, ಆರ್‌ಗೆ ‘ವೆನಿಲಾ’. ಆರ್ ಇನ್‌ಸ್ಟಾಲಿಗೇ ‘ಯೂಸ್ ವೆನಿಲಾ’ ಎಂದು ಬೇರೆ ಇದೆ. ಸುಡೋ ಕೂಡ ಸಾಮಾನ್ಯವಾಗಿ ನಮ್ಮ ಬಹುಪಾಲು ಚರಾಂಕಗಳನ್ನು ಹೊರಗೇ ನಿಲ್ಲಿಸಿ ಒಳಗೆ ಹೋಗುತ್ತದೆ. ಇವರೆಲ್ಲರಿಗಿಂತ ಕಟ್ಟಾ ವೈರಾಗಿ ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಈಲ್ಕೊ ಡೋಲ್ಸ್ಟ್ರಾ ಇದರ ಮೇಲೆಯೇ 2006ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಪ್ಯಾಕೇಜು ಕಟ್ಟುವಾಗ ಅದು ನಿಮ್ಮ ಚರಾಂಕಗಳನ್ನೆಲ್ಲ ಒರೆಸಿಹಾಕುವುದಷ್ಟೇ ಅಲ್ಲ, ನಿಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ‘ಹೋಮ್‌ಲೆಸ್ ಶೆಲ್ಟರ್’ ಎಂಬ ಇಲ್ಲದ ಫೋಲ್ಡರಿನ ಕಡೆ ಕೈ ತೋರಿಸುತ್ತದೆ. ಅಲ್ಲಿ ಹೋಗಿ ನೋಡಿದರೆ ಏನೂ ಇರುವುದಿಲ್ಲ, ಹುಡುಕಿದವರು ಬಿದ್ದು ಗದ್ದಲವಾಗುತ್ತದೆ, ಕದ್ದು ಓದುವವರು ಸಿಕ್ಕಿಬೀಳುತ್ತಾರೆ. ನನ್ನನ್ನು ಕೇಳಿದರೆ ಈ ನಿರ್ದಾಕ್ಷಿಣ್ಯವೇ ಸರಿ. ಕಟ್ಟುವ ಹೊತ್ತಿನಲ್ಲಿ ಯಾರ ಮನೆಯ ಹುಡುಗ ಎಂದು ವಿಚಾರಿಸುವ ತಂತ್ರಾಂಶದಿಂದ ನಿಮ್ಮಲ್ಲೊಂದು ಫಲ, ನಮ್ಮಲ್ಲೊಂದು ಫಲ.

ಹುಡುಗಿಗೆ ಸರಿಯಾದ ದಾರಿಯನ್ನೇ ಹೇಳಿದೆ. ಪ್ರೊಫೈಲಿನಲ್ಲಿ ನಿನ್ನ ಸುಖಕ್ಕೆ ಬರೆದುಕೊಂಡದ್ದನ್ನೆಲ್ಲ, ‘ಎದುರಿಗೆ ಮನುಷ್ಯರಿದ್ದರೆ ಮಾತ್ರ’ ಎಂದು ನೋಡುವ ‘ಇಫ್ ಇಂಟರಾಕ್ಟಿವ್’ ಎಂಬ ಒಂದು ಬೇಲಿಯೊಳಗೆ ಹಾಕು. ಮರಿಗಳು ಅದನ್ನು ಓದುವುದಿಲ್ಲ. ಈ ಹೊತ್ತಿಗೆ ಬೇಗ ಆಗಬೇಕಾದರೆ ಆರ್‌ಗೆ ವೆನಿಲಾ, ಅದರ ಇನ್‌ಸ್ಟಾಲಿಗೆ ‘ಯೂಸ್ ವೆನಿಲಾ’ ಹಾಕಿ ಮಾಡಿಕೋ. ಎರಡರಲ್ಲಿ ಯಾವುದು ಅವಳಿಗೆ ಹಿಡಿಸಿತು ಎಂದು ಹೇಳಬೇಕಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಆಯಿತು, ಹೆಬ್ಬೆರಳೆತ್ತಿದ ಚಿತ್ರ ಬಂತು. ಒಂದು ವಾರ ಸುಖವಾಗಿತ್ತು. ಆಮೇಲೆ ರಾತ್ರಿ ಊಟದ ಹೊತ್ತಿಗೆ ಮತ್ತೆ ಫೋನು.

“ಮಾವ, ಇನ್‌ಸ್ಟಾಲ್ ಆಗಿದ್ದ ಪ್ಯಾಕೇಜುಗಳೆಲ್ಲ ಮಾಯ!”

“ಏನಾದ್ರೂ ಬದಲಾಯಿಸ್ದ್ಯಾ?”

“ಇಲ್ವೇ ಇಲ್ಲ. ಪ್ಯಾಕೇಜುಗಳು ಬೇರೆ ಡಿಸ್ಕಿನಲ್ಲಿ ಇರ್ಲಿ ಅಂತ ಆರ್‌ಎನ್ವಿರಾನ್ ಫೈಲಿನಲ್ಲಿ ಆ ಜಾಗ ಬರೆದು ಎಲ್ಲಾನೂ ಅಲ್ಲಿಗೆ ಸಾಗಿಸ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಆರ್ ಹೇಗೆ ತೆಗೀತಿದೀಯ?”

“ಆರ್ ಅಂತ ಟೈಪ್ ಮಾಡಿ. ಓ... ತಡಿ. ನೀನು ಹೇಳಿದ್ಯಲ್ಲ ವೆನಿಲಾ, ದಿನಾ ಟೈಪ್ ಮಾಡೋಕೆ ಉದ್ದ ಆಗತ್ತೆ ಅಂತ ಅದನ್ನೇ ಏಲಿಯಾಸ್ ಮಾಡಿ ಬ್ಯಾಶ್‌ಆರ್‌ಸಿಯಲ್ಲಿ ಹಾಕ್ಕೊಂಡ್ಬಿಟ್ಟೆ.”

ವೆನಿಲಾ ಆರ್‌ಪ್ರೊಫೈಲನ್ನು ಹೇಗೆ ಓದುವುದಿಲ್ಲವೋ ಆರ್‌ಎನ್ವಿರಾನನ್ನೂ ಹಾಗೇ ಓದುವುದಿಲ್ಲ ಎಂದು ಹೇಳುವಷ್ಟರಲ್ಲಿ ಅವಳೇ, “ಹಾಗಾದ್ರೆ ಎನ್ವಿರಾನ್ ಬೇಡ ಬಿಡು ಮಾವ, ಆ ಜಾಗಾನೇ ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡ್ಬಿಡ್ತೀನಿ” ಎಂದು ಫೋನ್ ಇಟ್ಟಳು.